ಮೂರನೇ ಲೆವೆಲ್ಲಿನ ಆನೆ

ಗೌರಕ್ಕ ರಜೆ ಹಾಕಿದ ದಿನ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿಯುವವನು ಈರಭದ್ರ. ಅವನದು ಒಡಕು ದನಿ. ಆದರೂ ಬಸ್ಸು ಹೋಗುವ ಊರಿನ ಹೆಸರು ಹೇಳಿ, ಪ್ಲಾಟ್‌ಫಾರ್ಮಿನ ಅಂಕಿ ಹೇಳುವ ಮೊದಲು ಗೌರಕ್ಕ ಒಂದು ಉಸಿರಿನಷ್ಟು ತಡೆಯುತ್ತಾಳಲ್ಲ, ಸರಿಯಾಗಿ ಅಲ್ಲೇ ಅವನೂ ತಡೆಯುತ್ತಾನೆ. ಕೊನೆಯ ಅಕ್ಷರವನ್ನು ಅವಳ ಹಾಗೆಯೇ ಎಳೆಯುತ್ತಾನೆ. "ನಾ ಎಳಿಯಂಗಿಲ್ಲೋ, ಆ ಹೆಣ್ಮಗಳ ಮೈಕ ಎಳಸ್ತೈತಿ" ಎಂದು ಚಹಾದಂಗಡಿಯಲ್ಲಿ ಹೇಳಿ ನಗಿಸುತ್ತಾನೆ. ಹದಿನಾಲ್ಕು ವರ್ಷದಿಂದ ಅವಳು ಹಿಡಿದ ಮೈಕು ಅದು. ಬಸ್ಸುಗಳ ನಡುವೆ ಊರಿನ ಸಾವುಗಳನ್ನೂ ಅದರಲ್ಲೇ ಕೂಗುತ್ತಾರೆ. ಹೆಸರು, ವಯಸ್ಸು, ಮಣ್ಣು ಎಷ್ಟು ಗಂಟೆಗೆ.

ಇಲ್ಲಿ ಬಳಸಿದವರ ಕೈ ವಸ್ತುವಿಗೆ ಹತ್ತುತ್ತದೆ. ಅವರು ಎಲ್ಲೇ ಇರಲಿ, ಬದುಕಿರುವ ತನಕ ಅದರಲ್ಲಿ ಇರುತ್ತದೆ, ಸತ್ತ ದಿನ ಹೋಗುತ್ತದೆ. ಬೇರೆ ಯಾರಾದರೂ ಇಪ್ಪತ್ತು ದಿನ ಬಿಡದೆ ಬಳಸಿದರೂ ಹೋಗುತ್ತದೆ, ಆಗ ಅವರ ಕೈ ಕೂರುತ್ತದೆ. ಇದಕ್ಕೆ ಹೊಂದಿಕೊಂಡೇ ಜನ ಬಾಳುತ್ತಾರೆ. ಹೊಸ ಸೊಸೆ ತವರಿನಿಂದ ತನ್ನದೇ ಲಟ್ಟಣಿಗೆ ತರುತ್ತಾಳೆ, ಇಲ್ಲದಿದ್ದರೆ ಎಷ್ಟು ಲಟ್ಟಿಸಿದರೂ ಅತ್ತೆಯ ಅಳತೆಯ ಚಪಾತಿಯೇ ಆಗುತ್ತದೆ. ಹಳೆ ಸೈಕಲ್ಲು ಕೊಂಡವನು ಮೂರು ವಾರ ಹಳೆ ಸವಾರನ ಓಣಿಗೇ ಹೊರಳಿ ಹೊರಳಿ ಹೋಗಿ ಅವನ ಹೆಂಡತಿಯಿಂದ ಬೈಸಿಕೊಳ್ಳುತ್ತಾನೆ.

ಬಸ್ ಸ್ಟ್ಯಾಂಡಿನ ಹಿಂದೆ ಕೈಮನೆ. ಅಲ್ಲಿ ಕೈ ನೋಡುವವನು ನಾನು. ದೂರ ಹೋಗುವವರು ತಾವು ಬಳಸಿದ ಒಂದು ವಸ್ತುವನ್ನು ನಮ್ಮ ಕಪಾಟಿನಲ್ಲಿಟ್ಟು ಹೋಗುತ್ತಾರೆ, ಪೆನ್ನೋ ಕತ್ತರಿಯೋ. ಸೋಮವಾರ ಮನೆಯವರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ನಾನು ಕೈಗೆ ಬಟ್ಟೆ ಸುತ್ತಿಕೊಂಡು ಆ ಪೆನ್ನಿನಲ್ಲಿ ಒಂದು ಸಾಲು ಬರೆದು ತೋರಿಸುತ್ತೇನೆ. ಮಗನ ಅಕ್ಷರ ಬಂದರೆ ಅವರು ಮನೆಗೆ ಹೋಗಿ ಒಲೆ ಹಚ್ಚುತ್ತಾರೆ. ನನ್ನ ಅಕ್ಷರ ಬಂದರೆ ಮೈಕಿನವರಿಗೆ ಚೀಟಿ ಹೋಗುತ್ತದೆ. ಈ ಕೆಲಸ ನನಗೆ ಸಿಕ್ಕಿದ್ದು ನನ್ನ ಕೈ ಯಾವುದಕ್ಕೂ ಹತ್ತುವುದಿಲ್ಲ ಎಂಬ ಕಾರಣಕ್ಕೆ. ನಮ್ಮದು ಅಕ್ಕಸಾಲಿಗರ ಮನೆ. ಆರು ವರ್ಷ ಬಡಿದರೂ ಸುತ್ತಿಗೆಗೆ ನನ್ನ ಕೈ ಹತ್ತಲಿಲ್ಲ, ಅಪ್ಪ ಬೇಸತ್ತು ಬಿಡಿಸಿದ. ಮೌನೇಶ ಎಂದು ಕರೆಯುವವರು ಕಡಿಮೆ, ಹಗುರಗೈ ಎನ್ನುವವರೇ ಹೆಚ್ಚು. ನಾನು ಊರು ಬಿಟ್ಟರೆ ಇದ್ದೇನೋ ಸತ್ತೆನೋ ಯಾರಿಗೂ ತಿಳಿಯುವುದಿಲ್ಲ. ಅದನ್ನು ನೆನೆದು ಅಳುವಷ್ಟು ಬಿಡುವು ಕೆಲಸದಲ್ಲಿಲ್ಲ.

ಗೌರಕ್ಕನ ತಮ್ಮ ತೋಟಪ್ಪ ಚದುರಂಗದಲ್ಲಿ ಊರನ್ನೇ ಸೋಲಿಸಿದವನು. ಅವನಿಗೆ ಅಪ್ಪ ಕೊಡಿಸಿದ ಒಂದು ಬ್ಯಾಟರಿ ಚದುರಂಗದ ಮಶೀನಿತ್ತು. ಶಾಲೆಯಿಂದ ಬಂದರೆ ಅದರ ಮುಂದೆ ಕೂರುತ್ತಿದ್ದ. ಏಳೆಂಟು ವರ್ಷ ಬೇರೆ ಮನುಷ್ಯರೊಡನೆ ಆಡಿದ್ದೇ ಇಲ್ಲ, ಅಕ್ಕನೊಡನೆ ಬಿಟ್ಟರೆ. ಆಮೇಲೆ ಒಂದು ದಿನ ಬಸ್ ಸ್ಟ್ಯಾಂಡಿನ ಕಟ್ಟೆಗೆ ಬಂದು ಕೂತ. ಕಂಡಕ್ಟರುಗಳು ಸೋತರು, ಹೈಸ್ಕೂಲಿನ ಗಣಿತದ ಮೇಷ್ಟ್ರು ಸೋತರು. ಎಂಟನೇ ಇಯತ್ತೆಯಲ್ಲಿದ್ದ ನಾನು ಎರಡು ಸಲ ಸೋತೆ. ಯೋಚಿಸುವಾಗ ಅವನು ಮೂಲೆಯ ಆನೆಯನ್ನು ಒಂದು ಮನೆ ಪಕ್ಕಕ್ಕೆ ಸರಿಸುತ್ತಿದ್ದ. ಮುಂದಿನ ನಡೆಗೆ ಅದನ್ನೇ ವಾಪಸ್ಸು ತಂದಿಡುತ್ತಿದ್ದ. ಎದುರಿನವನಿಗೆ ಇದೇನೋ ದೊಡ್ಡ ಹೂಟ ಎಂದು ಗಾಬರಿಯಾಗುತ್ತಿತ್ತು. "ತೋಟ್ಯಾ ಆನಿ ಅಡ್ಡಾಡಸಾಕ ಹಿಡದಾ, ಇನ್ನ ಮುಗೀತ" ಎಂದು ಸುತ್ತ ನಿಂತವರು ಹೇಳುತ್ತಿದ್ದರು.

ಒಂಬತ್ತು ವರ್ಷದ ಹಿಂದೆ ಅವನು ಹೊರಗಿನ ಊರಿಗೆ ಪಂದ್ಯಕ್ಕೆ ಹೋದ. ಮಶೀನನ್ನು ಚೀಲದಲ್ಲಿ ಹಾಕಿಕೊಂಡು ಹೋದ. ನಾಲ್ಕು ದಿನಕ್ಕೆ ಬರುವವನು ಏನು ಇಡುವುದು ಎಂದು ಕೈಮನೆಯಲ್ಲಿ ಏನೂ ಇಡಲಿಲ್ಲ. ಬರಲೂ ಇಲ್ಲ.

ಮನೆಯಲ್ಲಿ ಅವನ ವಸ್ತುಗಳು ಬೇಕಾದಷ್ಟಿದ್ದವು. ಅವುಗಳಲ್ಲಿ ಒಂದನ್ನು ತಂದಿದ್ದರೆ ಸಾಕಾಗಿತ್ತು. ಆದರೆ ತಾಯಿ ಬಾಳವ್ವ ಆ ತಿಂಗಳಿಡೀ ಮಗನ ಹಾಸಿಗೆಯಲ್ಲೇ ಮಲಗಿದಳು, ಅವನ ಲೋಟದಲ್ಲೇ ಚಹಾ ಕುಡಿದಳು, ಅವನ ಬಾಚಣಿಗೆಯಲ್ಲೇ ತಲೆ ಬಾಚಿಕೊಂಡಳು, ಅವನ ಗಡಿಯಾರಕ್ಕೆ ದಿನಾ ಬೆಳಿಗ್ಗೆ ಕೀಲಿ ಕೊಟ್ಟಳು. ಬಸ್ ಸ್ಟ್ಯಾಂಡಿನ ಕೆಲಸದಲ್ಲಿ ಇದು ಗೌರಕ್ಕನ ಕಣ್ಣಿಗೆ ಬೀಳಲಿಲ್ಲ. ಕೊನೆಗೆ ಎಲ್ಲವನ್ನೂ ಗಂಟು ಕಟ್ಟಿ ಕೈಮನೆಗೆ ತಂದಾಗ ಒಂದರಲ್ಲೂ ತೋಟಪ್ಪ ಇರಲಿಲ್ಲ. ಎಲ್ಲದರಲ್ಲೂ ಬಾಳವ್ವನೇ. ಅಂದಿನಿಂದ ಗೌರಕ್ಕ ತಾಯಿಯೊಡನೆ ಮಾತು ಕಡಿಮೆ ಮಾಡಿದಳು. ಬಾಳವ್ವ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಓಡಾಡುವುದನ್ನು ಕಲಿತಳು.

ಒಂಬತ್ತು ವರ್ಷ ಯಾವ ವಸ್ತುವೂ ಇಲ್ಲದವನ ಹೆಸರನ್ನು ಪಂಚರು ತೆಗೆದುಹಾಕುತ್ತಾರೆ. ಸತ್ತ ಎಂದು ಮೈಕಿನಲ್ಲಿ ಕೂಗಿಸುತ್ತಾರೆ. ಆಮೇಲೆ ಅವನು ಜೀವಂತ ಬಂದು ನಿಂತರೂ ಊರ ಲೆಕ್ಕದಲ್ಲಿ ಅವನಿಲ್ಲ, ಅವನನ್ನು ಹುಡುಕುವವರೂ ಇರುವುದಿಲ್ಲ. ತೋಟಪ್ಪನ ಸರದಿ ಈ ಅಮಾವಾಸ್ಯೆಗೆ ಬಂದಿತ್ತು.

ಅಮಾವಾಸ್ಯೆಗೆ ಒಂಬತ್ತು ದಿನ ಇರುವಾಗ ಗೌರಕ್ಕ ಹಳೆ ಸಾಮಾನಿನ ಸಂತೆಯಿಂದ ಒಂದು ಕಂದು ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟಳು. ಬರಿಗೈಯಲ್ಲಿ ಮುಟ್ಟಿರಲಿಲ್ಲ.

"ಇದು ನಮ್ಮ ತೋಟ್ಯಾಂದು" ಎಂದಳು.

ಶಾಲೆಯ ಪಾಟಿಗಿಂತ ಸ್ವಲ್ಪ ದೊಡ್ಡದಾದ ಚಪ್ಪಟೆ ಪ್ಲಾಸ್ಟಿಕ್ ಪೆಟ್ಟಿಗೆ. ಮೇಲೆ ಅರವತ್ತನಾಲ್ಕು ಮನೆ, ಪ್ರತಿ ಸಾಲಿನ ತುದಿಗೂ ಸಾಸಿವೆಯಷ್ಟು ಕೆಂಪು ದೀಪ. ಬಲಗಡೆಯ ಗುಂಡಿಗಳ ಅಕ್ಷರಗಳು ಅಳಿಸಿಹೋಗಿದ್ದವು. ಕಂಪನಿಯ ಹೆಸರಿನ ಪಟ್ಟಿಯನ್ನು ಯಾರೋ ಕಿತ್ತಿದ್ದರು, ಅಂಟಿನ ಕಲೆ ಉಳಿದಿತ್ತು. ಕೆಳಗೆ ಬ್ಯಾಟರಿಯ ಮುಚ್ಚಳವಿರಲಿಲ್ಲ, ಒಳಗಿನ ಸ್ಪ್ರಿಂಗುಗಳಿಗೆ ಹಸಿರು ಕಿಲುಬು. ಕಾಯಿಗಳು ಪ್ಲಾಸ್ಟಿಕ್ ಚೀಲದಲ್ಲಿದ್ದವು, ಎಲ್ಲ ಇದ್ದವು.

"ಇಂಥಾವು ಬ್ಯಾರೆನೂ ಇರ್ತಾವಕ್ಕಾ" ಎಂದೆ.

"ಇರ್ಲಿ. ನಾ ಸಂತ್ಯಾಗ ಶೆಲ್ ಹಾಕಿಸಿ, ಕೈಗೆ ಟವೆಲ್ ಸುತಗೊಂಡು ಒಂದಾಟ ಆಡೀನಿ. ಆನಿ ಅಡ್ಡಾಡಸ್ತು. ಹಂಗ ಒಂದ ಮನಿ ಪಕ್ಕಕ್ಕ. ಆಮ್ಯಾಲ ವಾಪಸ್. ಆಡಿ ನೋಡು ತಮ್ಮಾ."

ನಾನು ಸ್ಪ್ರಿಂಗು ಕೆರೆದು, ಹೊಸ ಬ್ಯಾಟರಿ ಹಾಕಿ, ಕೈಗೆ ಬಟ್ಟೆ ಸುತ್ತಿ ಕೂತೆ. ಗುಂಡಿ ಒತ್ತಿದಾಗ ಅದು ಕಿಂಯ್ ಎಂದಿತು, ಮೂರನೇ ದೀಪ ಹತ್ತಿತು. ಕಾಯಿಯನ್ನು ಮನೆಯ ಮೇಲೆ ಒತ್ತಿದರೆ ಅದಕ್ಕೆ ತಿಳಿಯುತ್ತದೆ. ಹತ್ತು ಎಣಿಸುವಷ್ಟು ಹೊತ್ತು ಯೋಚಿಸಿ ತನ್ನ ನಡೆಯನ್ನು ದೀಪದಲ್ಲಿ ತೋರಿಸುತ್ತದೆ. ಅದಕ್ಕೆ ಕೈಯಿಲ್ಲವಲ್ಲ, ಅದರ ಕಾಯಿಯನ್ನೂ ನಾವೇ ಸರಿಸಬೇಕು. ಒಂದೊಂದು ನಡೆಯನ್ನೂ ಪುಸ್ತಕದಲ್ಲಿ ಬರೆಯುತ್ತಾ ಹೋದೆ. ಹದಿನಾರನೇ ನಡೆಗೆ ಮೂಲೆಯ ಆನೆಯ ದೀಪ ಹತ್ತಿತು. ಒಂದು ಮನೆ ಪಕ್ಕಕ್ಕೆ. ನಾನು ಕುದುರೆ ನಡೆಸಿದೆ. ಆನೆ ವಾಪಸ್ಸು ಮೂಲೆಗೆ.

ಹತ್ತು ವರ್ಷದ ಹಿಂದೆ ಕಟ್ಟೆಯ ಮೇಲೆ ಇದೇ ಆನೆಯ ಮುಂದೆ ನಾನು ಬೆವರಿದ್ದೆ. ಗೌರಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. "ಜೀವಂತ ಅದಾನ. ಸತ್ತಿದ್ರ ಇದರಾಗ ಹ್ಯಾಂಗ ಇರ್ತಿದ್ದ? ಸಿಕ್ಕಾ ಹೊಡಿ."

"ಇವತ್ತ ಹೊಡ್ಯಾಕ ಬರಂಗಿಲ್ಲ."

"ಯಾಕ?"

"ಮಶೀನ್ ಯಾವ್ದಂತ ಮೊದಲ ಗೊತ್ತಾಗಬೇಕಲ್ಲಕ್ಕಾ."

ಕೈಮನೆಯ ಕ್ರಮ ಅದು. ಸೈಕಲ್ಲು ಎಡಕ್ಕೆ ಎಳೆದರೆ ಅದು ಸವಾರನ ಕೈಯೋ, ಬಗ್ಗಿದ ಚಾಸಿಯೋ ನೋಡದೆ ಕೈಪಟ್ಟಿಯ ಪುಸ್ತಕದಲ್ಲಿ 'ಕೈ ಇದೆ' ಎಂಬ ಮುದ್ರೆ, ಆ ಸಿಕ್ಕಾ, ಹೊಡೆಯುವಂತಿಲ್ಲ. ಕೊಡಲಿ ಜಾರಿದರೆ ಕಾವು ಸಡಿಲವೋ ಎಂದು ನೋಡುತ್ತೇವೆ. ವಸ್ತು ತನ್ನಷ್ಟಕ್ಕೆ ಏನು ಮಾಡುತ್ತದೆ ಎಂಬುದನ್ನು ಕಳೆದು ಉಳಿದದ್ದು ಕೈ. ಆದರೆ ತಾನೇ ಆಡುವ ವಸ್ತು ಕೈಮನೆಗೆ ಬಂದದ್ದು ಅದೇ ಮೊದಲು. ಅದರಲ್ಲಿ ಏನನ್ನು ಕಳೆಯಬೇಕು ಎಂದು ನನಗೆ ಗೊತ್ತಿರಲಿಲ್ಲ.

ಮರುದಿನ ಇಬ್ಬರೂ ಮಶೀನು ತೆಗೆದುಕೊಂಡು ದಾವಲಸಾಬರ ಅಂಗಡಿಗೆ ಹೋದೆವು. ದಾವಲಸಾಬರು ನಲವತ್ತು ವರ್ಷದಿಂದ ರೇಡಿಯೋ ರಿಪೇರಿ ಮಾಡುವವರು. ಈಗ ರಿಪೇರಿಗೆ ಯಾರೂ ತರದಿದ್ದರೂ ಬಾಗಿಲು ತೆರೆಯುತ್ತಾರೆ.

"ಬಾರೋ ಹಗುರಗೈ" ಎಂದರು. "ಇವತ್ತ ಯಾರ್ನ ಕೊಲ್ಲಾಕ ಬಂದಿ?"

"ಬದಕ್ಸಾಕ ಬಂದೀವ್ರಿ ಚಾಚಾ" ಎಂದಳು ಗೌರಕ್ಕ. ಒಂಬತ್ತು ವರ್ಷದಲ್ಲಿ ಅವಳು ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು.

ದಾವಲಸಾಬರು ನಾಲ್ಕು ಸ್ಕ್ರೂ ಬಿಚ್ಚಿ ಪೆಟ್ಟಿಗೆಯ ಬೆನ್ನು ತೆಗೆದರು. ಕನ್ನಡಕವನ್ನು ಹಣೆಗೇರಿಸಿ, ಒಳಗಿನ ಹಲಗೆಯನ್ನು ಮೂಗಿಗೆ ಹತ್ತಿರ ಹಿಡಿದರು. ಹಸಿರು ಹಲಗೆಯ ನಡುವೆ ಒಂದೇ ಒಂದು ಉದ್ದನೆಯ ಕಪ್ಪು ಚಿಪ್ಪು, ಎರಡೂ ಕಡೆ ಸಾಲು ಕಾಲು, ಜರಿಯಂತೆ. ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ಒಂದು ನಂಬರು ಮತ್ತು ಇಸವಿ. ನಂಬರನ್ನು ಎರಡು ಸಲ ಓದಿ, ಏಣಿ ಹತ್ತಿ ಅಟ್ಟದಲ್ಲಿ ಕೈಯಾಡಿಸಿದರು. ಇಳಿದಾಗ ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆಯಿತ್ತು.

"ನಾಕ ತರಿಸಿದ್ದ ಆ ಗಡಿಯಾರದ ಅಂಗಡಿಯಾಂವ. ಒಂದ ನಿಮ್ಮಪ್ಪ ಒಯ್ದ. ಎರಡ ವಾಪಸ್ ಹೋದವು. ಒಂದನ್ನ ಬಿಡಿಭಾಗಕ್ಕಂತ ನನಗ ಕೊಟ್ಟ, ನಾ ಬಿಚ್ಚೇ ಇಲ್ಲ."

ಪೆಟ್ಟಿಗೆಯ ಅಂಟುಪಟ್ಟಿ ಹರಿದಿರಲಿಲ್ಲ. ಥರ್ಮಾಕೋಲಿನ ನಡುವೆ ಅದೇ ಕಂದು ಮಶೀನು, ಗುಂಡಿಗಳ ಮೇಲೆ ಅಕ್ಷರ ಹೊಳೆಯುತ್ತಿದ್ದವು. ಕಾರ್ಖಾನೆಯಲ್ಲಿ ತುಂಬಿದವರನ್ನು ಬಿಟ್ಟರೆ ಅದನ್ನು ಯಾರೂ ಮುಟ್ಟಿರಲಿಲ್ಲ. ಜೊತೆಗೊಂದು ಪುಟ್ಟ ಪುಸ್ತಕ. ದಾವಲಸಾಬರು ಬೆರಳಿಟ್ಟು ಓದಿದರು. ಎಂಟು ಲೆವೆಲ್. ಒಂದು ಅಂದರೆ ಮಕ್ಕಳಿಗೆ. ಮೂರು ಅಂದರೆ ಕಲಿಯುವವರಿಗೆ. ಮೂರರ ಮೇಲೆ ಹೋದರೆ ಒಂದೊಂದು ನಡೆಗೆ ತಾಸುಗಟ್ಟಲೆ ಹಿಡಿಯುತ್ತದೆ.

ಮುಂದೆ ಏನು ಮಾಡಬೇಕೆಂದು ನನಗೂ ಅವರಿಗೂ ಒಟ್ಟಿಗೇ ಹೊಳೆಯಿತು. ಗೌರಕ್ಕನಿಗೆ ಹೊಳೆದಿರಲಿಲ್ಲ, ಅಥವಾ ಹೊಳೆದಿತ್ತೇನೋ. "ಅದರದ್ದೇನ್ ಕೆಲಸ ಈಗ? ಇದನ್ನ ನೋಡ್ರಿ" ಎಂದಳು.

ಹೊಸ ಮಶೀನಿಗೆ ಬ್ಯಾಟರಿ ಹಾಕಿ, ಹಳೆಯದರ ಹಾಗೆ ಮೂರನೇ ದೀಪಕ್ಕೆ, ಅಂದರೆ ಮೂರನೇ ಲೆವೆಲ್ಲಿಗೆ ತಂದೆ. ನನ್ನ ಪುಸ್ತಕ ತೆರೆದು, ಹಿಂದಿನ ದಿನ ನಾನು ಆಡಿದ ನಡೆಗಳನ್ನೇ ಒಂದೊಂದಾಗಿ ಆಡಿದೆ. ದಾವಲಸಾಬರು ನನ್ನ ಬರಹ ನೋಡುತ್ತಾ ಅದರ ಉತ್ತರವನ್ನು ಹೋಲಿಸಿ ಹೌದೆಂದು ತಲೆಯಾಡಿಸುತ್ತಿದ್ದರು. ಅದೇ ಕಾಲಾಳು. ಅದೇ ಒಂಟೆ. ಹನ್ನೆರಡು, ಹದಿಮೂರು. ಬೀದಿಯಲ್ಲಿ ಯಾರೋ ಪಾತ್ರೆಗೆ ಕಲಾಯಿ ಹಾಕಿಸಿ ಎಂದು ಕೂಗುತ್ತಾ ಹೋದರು. ಹದಿನೈದು. ಹದಿನಾರನೇ ನಡೆಗೆ ಅದು ಹತ್ತು ಎಣಿಸುವಷ್ಟು ಹೊತ್ತು ಯೋಚಿಸಿತು. ಮೂಲೆಯ ಆನೆಯ ದೀಪ ಹತ್ತಿತು.

ಒಂದು ಮನೆ ಪಕ್ಕಕ್ಕೆ. ನಾನು ಕುದುರೆ ನಡೆಸಿದೆ. ಆನೆ ವಾಪಸ್ಸು ಮೂಲೆಗೆ.

ಗೌರಕ್ಕ ಹೊಸ ಮಶೀನನ್ನೇ ನೋಡುತ್ತಿದ್ದಳು, ಅದು ಎದ್ದು ಬಂದು ಅವಳ ಕೆನ್ನೆಗೆ ಹೊಡೆದ ಹಾಗೆ.

"ಇದರಾಗೂ ಅಂವ ಬಂದಾನೇನ್ರಿ?" ಎಂದಳು.

"ಇಲ್ಲ ತಾಯಿ" ಎಂದರು ದಾವಲಸಾಬರು. "ಇದನ್ನ ಯಾರೂ ಮುಟ್ಟಿಲ್ಲ. ಮುಂದ ಏನ್ ಮಾಡೂದಂತ ಹೊಳೀದಿದ್ರ ಇದು ಆನಿ ಅಡ್ಡಾಡಸ್ತೈತಿ. ಹೊತ್ತ ಕಳೀತೈತಿ. ಈ ನಂಬರಿನ ಎಲ್ಲಾ ಮಶೀನೂ ಹಿಂಗ. ಕಾರ್ಖಾನ್ಯಾಗ ಹಾಕಿ ಕಳಿಸಿದ್ದು."

ಕೈ ವಸ್ತುವಿಗೆ ಹತ್ತುತ್ತದೆ ಎಂದು ನಮ್ಮೂರಿನಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ವಸ್ತುವಿನದು ಮನುಷ್ಯನಿಗೆ ಹತ್ತಬಹುದೆಂದು ಯಾರೂ ಯೋಚಿಸಿರಲಿಲ್ಲ. ಏಳೆಂಟು ವರ್ಷ ಒಬ್ಬ ಹುಡುಗ ಒಂದು ಡಬ್ಬಿಯ ಮುಂದೆ ಕೂತಿದ್ದ. ಅವನು ಅದಕ್ಕೆ ಹತ್ತಿರಲಿಲ್ಲ. ಅದು ಅವನಿಗೆ ಹತ್ತಿತ್ತು.

"ಹಂಗಾದ್ರ ಊರೆಲ್ಲಾ ಸೋತಿದ್ದು ಇದಕ್ಕ?" ಎಂದಳು ಗೌರಕ್ಕ.

"ಇದಕ್ಕ" ಎಂದೆ.

"ಇದು ಮೂರನೇದು. ಕಲಿಯಾವ್ರಿಗೆ."

"ಹೌದು."

"ಹೊರಗಿನ ಪಂದ್ಯದಾಗ...?"

ನಾನು ದಾವಲಸಾಬರ ಮುಖ ನೋಡಿದೆ. ಅವರು ಸ್ಕ್ರೂ ಹುಡುಕುವ ನೆಪದಲ್ಲಿ ಬಗ್ಗಿದರು. ಉತ್ತರ ಕೊಡುವ ಕೆಲಸ ನನಗೇ ಬಿತ್ತು. "ಹೊರಗ ಈ ಮಶೀನ್ ಭಾಳ ಮಂದಿ ಮನ್ಯಾಗ ಇದ್ದಿರಬೇಕಕ್ಕಾ. ಆನಿ ಯಾಕ ಅಡ್ಡಾಡ್ತೈತಿ ಅಂತ ಅವ್ರಿಗೆ ಗೊತ್ತಿರ್ತೈತಿ. ಮೊದಲನೇ ದಿನಾನ ಸೋತಿರಬೇಕು."

ಅದನ್ನು ಹೇಳಬೇಕಾಗಿರಲಿಲ್ಲ ಎಂದು ಆಮೇಲೆ ಅನ್ನಿಸಿತು. ಆದರೆ ಕೇಳಿದ್ದು ಅವಳು. ಹಳೆ ಮಶೀನಿನ ಕಡೆ ತಿರುಗಿ ಅವಳು, "ಅಂವ ತನ್ನದಂತ ಏನರೆ ಆಡ್ತಿದ್ನೋ ಇಲ್ಲೋ?" ಎಂದಳು.

ವಾಪಸ್ಸು ಬರುವಾಗ ಬಸ್ ಸ್ಟ್ಯಾಂಡಿನ ಹಿಂದೆ ನಿಂತು ಅವಳು ನನ್ನ ತೋಳು ಹಿಡಿದಳು. "ಮೌನೇಶಾ, ಸಿಕ್ಕಾ ಹೊಡದ್ಬಿಡು. ಚಾಚಾ ಬಾಯಿ ಬಿಡಂಗಿಲ್ಲ. ನೀ ಹೊಡದ್ರ ಇನ್ನೊಂದ ಒಂಬತ್ತು ವರ್ಷ ಅಂವ ಇರ್ತಾನ." ಅವಳು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಕೈಮನೆಯಲ್ಲಿ ಒಂದು ಸುಳ್ಳು ಸಿಕ್ಕಾ ಬಿದ್ದರೆ ಸೋಮವಾರ ಬಾಗಿಲಲ್ಲಿ ನಿಲ್ಲುವ ಯಾರೂ ಮತ್ತೆ ನನ್ನ ಮಾತು ನಂಬುವುದಿಲ್ಲ ಎಂದು ಹೇಳಿದೆ. ಅದು ನಿಜ. ಅದಕ್ಕಿಂತ ನಿಜವಾದದ್ದು ಬೇರೆ, ಸುಳ್ಳು ಹೇಳುವಷ್ಟು ಪ್ರೀತಿ ನನಗೆ ಅವಳ ಮೇಲಿರಲಿಲ್ಲ. ಕೈಪಟ್ಟಿಯಲ್ಲಿ ವಸ್ತುವಿನ ಹೆಸರು, ನಂಬರು, ಇಸವಿ ಬರೆದೆ. ಕೈ ಯಾರದು ಎಂಬ ಕಡೆ 'ಕಾರ್ಖಾನೆಯದು' ಎಂದು ಬರೆದು ಸಹಿ ಹಾಕಿದೆ.

ಎರಡು ದಿನ ಬಿಟ್ಟು ಬಾಳವ್ವ ಬಂದಳು. ಹೊಸ್ತಿಲಾಚೆಯೇ ನಿಂತಳು. ಎರಡೂ ಕೈ ಸೆರಗಿನೊಳಗಿದ್ದವು.

"ಒಳಗ ಬಾ ಯವ್ವಾ."

"ಬ್ಯಾಡಪ್ಪಾ. ಮುಟ್ಟಂಗಿಲ್ಲ, ಇಲ್ಲಿಂದನ ನೋಡ್ತೀನಿ. ಎಲ್ಲೈತಿ ಅದು?"

ತೋರಿಸಿದೆ. ಕತ್ತು ಚಾಚಿ ನೋಡಿದಳು. "ಅದರಾಗ ಅಂವ ಇದ್ನೇನು?"

"ಇಲ್ಲ ಯವ್ವಾ."

"ನಾ ಏನೂ ಮುಟ್ಟಿಲ್ಲಲ್ಲ ಇದನ್ನ? ಮೊದಲು ಮನ್ಯಾಗಿದ್ದಾಗ ಒಂದೆರಡು ಸಲ ಧೂಳಾ ಒರಸಿದ್ನಿ."

"ಧೂಳಾ ಒರಸಿದ್ರ ಹೋಗಂಗಿಲ್ಲ. ಇದರಾಗ ಮೊದಲಿಂದ್ಲೂ ಇದ್ದಿಲ್ಲ."

ಅವಳು ಅದನ್ನು ಬಾಯೊಳಗೇ ಒಂದು ಸಲ ಹೇಳಿಕೊಂಡಳು. "ಹಂಗಾದ್ರ ಈ ಸಲ ನಾ ಅಲ್ಲ" ಎಂದಳು. ಮಗ ಹೋದನೆಂದು ಕೇಳಿದ ತಾಯಿಯ ಮುಖದಲ್ಲಿ ಹಗುರವಾದದ್ದನ್ನು ನೋಡಿ ನಾನು ಕಪಾಟಿನ ಕಡೆ ತಿರುಗಿಕೊಂಡೆ.

ಅಮಾವಾಸ್ಯೆಯ ದಿನ ಗೌರಕ್ಕ ರಜೆ ಹಾಕಿದಳು. ಪಂಚರ ಚೀಟಿ ಹತ್ತು ಗಂಟೆಗೆ ಮೈಕಿನ ಕೋಣೆಗೆ ಬರುವುದಿತ್ತು. ಹಿಂದಿನ ದಿನವೇ ಹೋಗಿ ಈರಭದ್ರನಿಗೆ ಹೇಳಿ ಬಂದಿದ್ದಳು. "ಆ ಮಾತು ನನ್ನ ಬಾಯಾಗ ಬರಬಾರ್ದು. ನೀ ಕೂಗಪ್ಪಾ." ಈರಭದ್ರ ಆಯ್ತೆಂದಿದ್ದನಂತೆ. ಅವನಾದರೂ ನೆನಪಿಸಬಹುದಿತ್ತು. ನಾನಾದರೂ ನೆನಪಿಸಬಹುದಿತ್ತು. ಮೈಕಿನಲ್ಲಿ ಇರುವುದು ಯಾರ ಕೈ ಎಂಬುದು ಯಾರ ತಲೆಗೂ ಬರಲಿಲ್ಲ.

ಮನೆಯಲ್ಲಿ ಕೂರಲಾರದೆ ಅವಳು ಒಂಬತ್ತೂವರೆಗೆ ಕೈಮನೆಗೆ ಬಂದಳು. ಮಶೀನನ್ನು ಯಾರೂ ಒಯ್ದಿರಲಿಲ್ಲ, ಮೇಜಿನ ಮೇಲೇ ಇತ್ತು. "ಇದನ್ನೀಗ ಮುಟ್ಟಬಹುದಲ್ಲ?" ಎಂದು ಕೇಳಿ, ಟವೆಲು ಇಲ್ಲದೆ ಬರಿ ಬೆರಳಲ್ಲಿ ಗುಂಡಿ ಒತ್ತಿದಳು. ಕಿಂಯ್ ಎಂದಿತು. ಕಾಯಿ ಜೋಡಿಸಿ ಆಡತೊಡಗಿದಳು. ಅವಳ ಆಟ ಚೆನ್ನಾಗಿರಲಿಲ್ಲ. ನಾನು ಸೋಮವಾರದ ಪಟ್ಟಿ ಬರೆಯುತ್ತಿದ್ದೆ.

ಹತ್ತಕ್ಕೆ ಹೊರಗೆ ಮೈಕು ಗೊರ್ರೆಂದಿತು. ಹೊಳೆಸಾಲಿಗೆ ಹೋಗುವ ಬಸ್ಸು ಮೂರನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಈರಭದ್ರನ ಒಡಕು ದನಿ ಹೇಳಿತು. ಆಮೇಲೆ ಚೀಟಿಯ ಸದ್ದು. "ತೋಟಪ್ಪ, ತಂದೆ ದಿವಂ‌ಗತ ಫಕೀರಪ್ಪ," ಎಂದು ಹೇಳಿ ಮೈಕು ತಡೆಯಿತು. ಒಂದು ಉಸಿರಿನಷ್ಟು. ಗೌರಕ್ಕನ ಬೆರಳು ಹಲಗೆಯ ಮೇಲೇ ನಿಂತಿತು. "ವಯಸ್ಸು ಮೂವತ್ತಮೂರು. ಮಣ್ಣು ಇಲ್ಲಾ..." ಕೊನೆಯ ಅಕ್ಷರ ಬಸ್ ಸ್ಟ್ಯಾಂಡಿನ ತಗಡುಗಳ ಕೆಳಗೆ ಉದ್ದಕ್ಕೆ ಎಳೆಯುತ್ತಾ ಹೋಯಿತು, ಹದಿನಾಲ್ಕು ವರ್ಷದಿಂದ ಎಳೆದ ಹಾಗೆಯೇ.

ಕಿಟಕಿಯಾಚೆ ನಲ್ಲಿಯ ನೀರಿನ ಸದ್ದಿನಲ್ಲಿ ದನಿಯ ಒಡಕು ಕೇಳಿಸದೆ, ಆ ಎಳೆತವನ್ನಷ್ಟೇ ಗುರುತು ಹಿಡಿದ ಒಬ್ಬ ಹೆಂಗಸು ಇನ್ನೊಬ್ಬಳಿಗೆ ಹೇಳಿದಳು, "ಎಂಥಾ ಗಟ್ಟಿ ಜೀವಾ ನೋಡ ಗೌರವ್ವಂದು. ತಮ್ಮಂದೂ ತಾನ ಕೂಗಿದ್ಲು. ಒಂದ ಸಲಾನೂ ದನಿ ನಡುಗಲಿಲ್ಲ."

ಗೌರಕ್ಕ ನನ್ನ ಕಡೆ ನೋಡಿದಳು. "ನಾ ಇಲ್ಲೇ ಕುಂತೀನಿ" ಎಂದಳು.

"ಹೌದಕ್ಕಾ."

"ಇಲ್ಲೇ ಕುಂತೀನಲ್ಲೋ ನಾ."

ಹೊಳೆಸಾಲಿನ ಬಸ್ಸು ಹಾರ್ನ್ ಹೊಡೆದು ಹೊರಟಿತು. ಮೇಜಿನ ಮೇಲೆ ಮಶೀನು ಹತ್ತು ಎಣಿಸುವಷ್ಟು ಹೊತ್ತು ಯೋಚಿಸಿ ಮೂಲೆಯ ಆನೆಯ ದೀಪ ಹತ್ತಿಸಿತು. ಅದಕ್ಕೆ ಕೈಯಿಲ್ಲವಲ್ಲ, ಅವಳೇ ಆನೆಯನ್ನು ಎತ್ತಿ ಒಂದು ಮನೆ ಪಕ್ಕಕ್ಕಿಟ್ಟಳು. ಮುಂದಿನ ನಡೆಗೆ ಅದು ವಾಪಸ್ಸು ಬರುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು.